ಮೈಸೂರು ಯುದ್ಧಗಳಲ್ಲಿ ಫಿರಂಗಿ ಸಾಗಣೆ

ಮೈಸೂರು ಯುದ್ಧಗಳಲ್ಲಿ ಫಿರಂಗಿ ಸಾಗಣೆ ಎಂಬುದು 1767ರಿಂದ 1799ರವರೆಗೆ ಮೈಸೂರು ಸಂಸ್ಥಾನ ಮತ್ತು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ನಡುವೆ ನಡೆದ ನಾಲ್ಕು ಯುದ್ಧಗಳಲ್ಲಿ ಫಿರಂಗಿ, ಗುಂಡು ಮತ್ತು ಮದ್ದನ್ನು ರಣರಂಗಕ್ಕೆ ಒಯ್ಯಲು ಬಳಸಲಾದ ವ್ಯವಸ್ಥೆಯಾಗಿದೆ. ಎಂಜಿನ್ ಅಳವಡಿಸಿದ ಸ್ವಯಂಚಾಲಿತ ಫಿರಂಗಿ ವಾಹನಗಳು ಬಳಕೆಗೆ ಬರುವುದಕ್ಕೆ ಒಂದು ಶತಮಾನಕ್ಕೂ ಹಿಂದಿನ ಈ ಕಾಲದಲ್ಲಿ ದಕ್ಷಿಣ ಭಾರತದ ಫಿರಂಗಿಗಳನ್ನು ಮುಖ್ಯವಾಗಿ ಎತ್ತುಗಳೂ ಕೆಲವೆಡೆ ಆನೆಗಳೂ ಎಳೆಯುತ್ತಿದ್ದವು. ಮೈಸೂರಿನ ಅರಸರು ಇದಕ್ಕಾಗಿಯೇ ಬೆಳೆಸಿದ ದನಗಳ ಹಿಂಡುಗಳಿಂದ ಅಮೃತಮಹಲ್ ಎಂಬ ತಳಿ ರೂಪುಗೊಂಡಿತು. ಇಂದಿನ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಇರುವುದರಿಂದ ಈ ಸಾಗಣೆಯ ಇತಿಹಾಸದಲ್ಲಿ ಮುಖ್ಯ ಸ್ಥಾನವನ್ನು ಪಡೆದಿದೆ. 1791ರ ಮೇ ತಿಂಗಳಲ್ಲಿ ಕಂಪನಿಯ ಸೇನೆಯು ಯುದ್ಧದಲ್ಲಿ ಗೆದ್ದರೂ ಎತ್ತುಗಳು ಸತ್ತ ಕಾರಣದಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು.

ಫಿರಂಗಿಯ ಭಾರ ಮತ್ತು ಬಂಡಿ

ಆ ಕಾಲದ ಫಿರಂಗಿಗಳನ್ನು ಅವು ಹಾರಿಸುವ ಗುಂಡಿನ ತೂಕದಿಂದ ಗುರುತಿಸಲಾಗುತ್ತಿತ್ತು. 6 ಪೌಂಡಿನ ಫಿರಂಗಿ ಎಂದರೆ ಸುಮಾರು 2.7 ಕಿಲೋಗ್ರಾಂ ತೂಕದ ಕಬ್ಬಿಣದ ಗುಂಡನ್ನು ಹಾರಿಸುವ ಫಿರಂಗಿ. ಇಂತಹ ಹಗುರ ಫಿರಂಗಿಗಳನ್ನು ಕಂಚಿನಲ್ಲಿ ಎರಕ ಹೊಯ್ಯಲಾಗುತ್ತಿತ್ತು. ಇವು ಪದಾತಿ ದಳದ ಜೊತೆಯಲ್ಲಿಯೇ ಸಾಗಿ ಬಯಲಿನ ಕಾಳಗದಲ್ಲಿ ಬಳಕೆಯಾಗುತ್ತಿದ್ದವು.

ಕೋಟೆಯ ಗೋಡೆಯನ್ನು ಒಡೆಯಲು 18 ಮತ್ತು 24 ಪೌಂಡಿನ ಕಬ್ಬಿಣದ ಫಿರಂಗಿಗಳು ಬೇಕಾಗುತ್ತಿದ್ದವು. 24 ಪೌಂಡಿನ ಫಿರಂಗಿಯ ಒಂದು ಗುಂಡು ಸುಮಾರು 10.9 ಕಿಲೋಗ್ರಾಂ ತೂಗುತ್ತಿತ್ತು. ಫಿರಂಗಿಯ ನಳಿಗೆ ಮಾತ್ರವೇ ಸುಮಾರು 2.5 ಟನ್ ಭಾರವಿರುತ್ತಿತ್ತು. ಇದಕ್ಕೆ ಮರದ ಗಾಡಿ, ಕಬ್ಬಿಣದ ಪಟ್ಟಿ ಹೊಡೆದ ಚಕ್ರ ಮತ್ತು ಅಚ್ಚಿನ ಭಾರ ಸೇರುತ್ತಿತ್ತು. ಸಾಗಿಸುವಾಗ ಫಿರಂಗಿಯ ಗಾಡಿಯ ಹಿಂಬದಿಯನ್ನು ಎರಡು ಚಕ್ರದ ಮುಂಬಂಡಿಯೊಂದಕ್ಕೆ ಸಿಕ್ಕಿಸಿ, ಮುಂಬಂಡಿಯ ಮೂಕಿಗೆ ಮತ್ತು ಅದರ ಮುಂದಿನ ಹಗ್ಗಗಳಿಗೆ ಒಂದರ ಮುಂದೊಂದರಂತೆ ಎತ್ತುಗಳ ಜೋಡಿಗಳನ್ನು ಹೂಡಲಾಗುತ್ತಿತ್ತು. ಹಗುರ ಫಿರಂಗಿಗೆ ಕೆಲವೇ ಜೋಡಿಗಳು ಸಾಕಾಗುತ್ತಿದ್ದವು. ಮುತ್ತಿಗೆಯ ಫಿರಂಗಿಗೆ ಉದ್ದನೆಯ ಸಾಲೇ ಬೇಕಾಗುತ್ತಿತ್ತು.

ಸಾಲು ಉದ್ದವಾದಷ್ಟೂ ತೊಂದರೆ ಹೆಚ್ಚುತ್ತಿತ್ತು. ಎಲ್ಲ ಎತ್ತುಗಳೂ ಒಂದೇ ಕ್ಷಣದಲ್ಲಿ ಬಲ ಹಾಕದಿದ್ದರೆ ಬಂಡಿ ಕದಲುತ್ತಿರಲಿಲ್ಲ. ತಿರುವುಗಳಲ್ಲಿ ಮುಂದಿನ ಜೋಡಿಗಳ ಎಳೆತ ಬಂಡಿಯ ದಿಕ್ಕಿಗೆ ಸಿಗುತ್ತಿರಲಿಲ್ಲ. ಹಳ್ಳ ದಾಟುವಾಗ ಮತ್ತು ಮಳೆಯಿಂದ ನೆನೆದ ಎರೆಮಣ್ಣಿನಲ್ಲಿ ಚಕ್ರಗಳು ಹೂತುಹೋಗುತ್ತಿದ್ದವು. ಫಿರಂಗಿಯ ಹಿಂದೆ ಗುಂಡು ಮತ್ತು ಮದ್ದಿನ ಗಾಡಿಗಳು, ಅವುಗಳ ಹಿಂದೆ ಅಕ್ಕಿ, ಹುರುಳಿ, ಡೇರೆಗಳನ್ನು ಹೊತ್ತ ಹೇರೆತ್ತುಗಳು ಸಾಗುತ್ತಿದ್ದವು. ಈ ಎಲ್ಲ ದನಗಳಿಗೂ ಪ್ರತಿದಿನ ಮೇವು ಮತ್ತು ನೀರು ದೊರೆಯಬೇಕಾಗಿತ್ತು. ದೊಡ್ಡ ಸೇನೆಯೊಂದಕ್ಕೆ ಬೇಕಾಗುವಷ್ಟು ಒಣಮೇವನ್ನು ಹೊತ್ತೊಯ್ಯುವುದು ಅಸಾಧ್ಯವಾದ್ದರಿಂದ ದಾರಿಯ ಬದಿಯ ಹುಲ್ಲು ಮತ್ತು ಊರುಗಳ ಬಣವೆಗಳೇ ಸೇನೆಯ ಚಲನೆಯನ್ನು ನಿರ್ಧರಿಸುತ್ತಿದ್ದವು.

ಬೆಣ್ಣೆ ಚಾವಡಿಯಿಂದ ಅಮೃತಮಹಲ್‌ವರೆಗೆ

ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಹಸುಗಳ ಹಿಂಡುಗಳನ್ನು ಅವರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯ ಅಡಿಯಲ್ಲಿ ವ್ಯವಸ್ಥೆಗೊಳಿಸಲಾಯಿತು. ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹುಲ್ಲುಗಾವಲುಗಳನ್ನು ಈ ಹಿಂಡುಗಳಿಗಾಗಿ ಮೀಸಲಿಡಲಾಯಿತು. ಇವುಗಳನ್ನು ಕಾವಲು ಎಂದು ಕರೆಯಲಾಗುತ್ತದೆ.

ಹೈದರ್ ಅಲಿಯು ಪಾಳೆಯಗಾರರನ್ನು ಸೋಲಿಸಿ ಅವರ ದನಗಳನ್ನೂ ವಶಪಡಿಸಿಕೊಂಡು ಹಿಂಡುಗಳನ್ನು ಹೆಚ್ಚಿಸಿದನು. ರಾಜ್ಯದ ವಿವಿಧ ಭಾಗಗಳಲ್ಲಿ ಅವನು ಕಡಿಮೆಯೆಂದರೂ 60,000 ಎತ್ತುಗಳನ್ನು ಇಟ್ಟಿದ್ದನೆಂದು ಹೇಳಲಾಗಿದೆ. ಹೈನಿಗಾಗಿ ಆರಂಭವಾದ ಇಲಾಖೆಯು ಈ ರೀತಿಯಲ್ಲಿ ಸೇನಾ ಸಾಗಣೆಯ ಮೂಲವಾಯಿತು. ಟಿಪ್ಪು ಸುಲ್ತಾನನು ಇಲಾಖೆಯ ಹೆಸರನ್ನು ಅಮೃತಮಹಲ್ ಎಂದು ಬದಲಾಯಿಸಿ, ಹಿಂಡುಗಳ ಪಾಲನೆಗೆ ಸಂಬಂಧಿಸಿದ ಹುಕುಂನಾಮೆಯನ್ನು ಹೊರಡಿಸಿದನು. ವರ್ಷಕ್ಕೊಮ್ಮೆ ನಡೆಯುವ ದನಗಳ ಎಣಿಕೆಗೆ ಅವನು ಅನೇಕ ಬಾರಿ ಸ್ವತಃ ಹಾಜರಾಗಿ ಪಾಲಕರಿಗೆ ಬಹುಮಾನಗಳನ್ನು ನೀಡುತ್ತಿದ್ದನು. ಕಾವಲುಗಳನ್ನು ಬೇಸಗೆ, ಮಳೆಗಾಲ ಮತ್ತು ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ಋತುವಿಗೆ ತಕ್ಕಂತೆ ಹಿಂಡುಗಳು ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದುದರಿಂದ ದೂರದ ನಡಿಗೆ ಕರುವಿನ ಪ್ರಾಯದಿಂದಲೇ ರೂಢಿಯಾಗುತ್ತಿತ್ತು.

ಅಮೃತಮಹಲ್ ದನಗಳ ಮೂಲ ಹಳ್ಳಿಕಾರ್ ತಳಿಯಲ್ಲಿದೆ. ಬೂದು ಬಣ್ಣ, ಬಿಗಿಯಾದ ಮೈಕಟ್ಟು, ಹಿಂದಕ್ಕೆ ಬಾಗಿ ಚೂಪಾಗುವ ಉದ್ದನೆಯ ಕೊಂಬುಗಳು ಮತ್ತು ಗಟ್ಟಿಯಾದ ಗೊರಸು ಈ ದನಗಳ ಲಕ್ಷಣಗಳಾಗಿವೆ. ಹಳ್ಳಿಕಾರ್ ತಳಿಯನ್ನು ರಾಮನಗರ, ಮಾಗಡಿ ಮತ್ತು ಕನಕಪುರ ಭಾಗದ ರೈತರು ಇಂದಿಗೂ ಬೇಸಾಯಕ್ಕಾಗಿ ಸಾಕುತ್ತಾರೆ. ಈ ದನಗಳು ದೇಹದ ಗಾತ್ರದಲ್ಲಿ ಉತ್ತರ ಭಾರತದ ಕೆಲವು ತಳಿಗಳಿಗಿಂತ ಚಿಕ್ಕವು. ಆದರೆ ವೇಗ ಮತ್ತು ತಾಳಿಕೆಯಲ್ಲಿ ಹೆಸರಾದವು. ಅವುಗಳ ಸೇನಾ ಮೌಲ್ಯವೂ ಇದರಲ್ಲಿಯೇ ಇತ್ತು.

ವೇಗದ ದಾಖಲೆಗಳು

ಮೈಸೂರು ಗೆಜೆಟಿಯರ್ ಈ ಎತ್ತುಗಳ ಬಲದಿಂದ ಸಾಧ್ಯವಾದ ಹಲವು ದಂಡಯಾತ್ರೆಗಳನ್ನು ಹೆಸರಿಸಿದೆ. ಎರಡನೆಯ ಮೈಸೂರು ಯುದ್ಧದಲ್ಲಿ, 1781ರಲ್ಲಿ, ಹೈದರ್ ಅಲಿಯು ಚಿದಂಬರವನ್ನು ಉಳಿಸಿಕೊಳ್ಳಲು ಎರಡೂವರೆ ದಿನಗಳಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಸಾಗಿದನು. ಕಾಳಗದಲ್ಲಿ ಸೋತಾಗಲೂ ಅವನು ಶತ್ರುವಿನ ಕಣ್ಣೆದುರಿನಲ್ಲಿಯೇ ತನ್ನ ಫಿರಂಗಿಗಳನ್ನು ಹಿಂದಕ್ಕೆ ಎಳೆದೊಯ್ಯಲು ಶಕ್ತನಾಗಿದ್ದನು. 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪುವು ಪೂರ್ವ ಕರಾವಳಿಯ ಕಡೆಯಿಂದ ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನು ದಾಟಿ ಬಂದನು. ಮೂರನೆಯ ಯುದ್ಧದ ಆರಂಭದಲ್ಲಿ ಅವನು ಜನರಲ್ ಮೆಡೋಸ್‌ನ ಸೇನೆಯ ಮುಂದೆ ಎರಡು ದಿನಗಳಲ್ಲಿ 63 ಮೈಲಿ, ಅಂದರೆ ಸುಮಾರು 101 ಕಿಲೋಮೀಟರ್ ಕ್ರಮಿಸಿದನು.

ಆ ಕಾಲದ ಯುದ್ಧದಲ್ಲಿ ಫಿರಂಗಿಯನ್ನು ಕಳೆದುಕೊಳ್ಳುವುದನ್ನು ಸೋಲಿನ ಪ್ರಮುಖ ಗುರುತೆಂದು ಎಣಿಸಲಾಗುತ್ತಿತ್ತು. ಸೋತ ಸೇನೆಯ ಫಿರಂಗಿಗಳು ಗೆದ್ದವನ ಕೈಸೇರಿದರೆ ಮುಂದಿನ ಕಾಳಗಕ್ಕೆ ಬಲವೇ ಉಳಿಯುತ್ತಿರಲಿಲ್ಲ. ಆದುದರಿಂದ ಫಿರಂಗಿಯನ್ನು ಹಿಂದಕ್ಕೆ ಎಳೆಯುವ ಎತ್ತು ಮುಂದಕ್ಕೆ ಎಳೆಯುವ ಎತ್ತಿನಷ್ಟೇ ಮುಖ್ಯವಾಗಿತ್ತು.

ಮೈಸೂರಿನ ಸೇನೆಯು ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನೂ ಬಳಸುತ್ತಿತ್ತು. ಗುರಿಯ ನಿಖರತೆಯಲ್ಲಿ ರಾಕೆಟ್ ಫಿರಂಗಿಗೆ ಸಮನಾಗಿರಲಿಲ್ಲ. ಆದರೆ ಅದನ್ನು ಸೈನಿಕನೇ ಹೊತ್ತೊಯ್ಯಬಹುದಾಗಿದ್ದರಿಂದ ಬಂಡಿ ಹೋಗಲಾರದ ಕಾಡು ಮತ್ತು ಬೆಟ್ಟಗಳಲ್ಲಿಯೂ ಉಪಯೋಗಕ್ಕೆ ಬರುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಳವು ನಾಶವಾದಾಗ ಅದರ ಮದ್ದಿನ ಗಾಡಿಗಳು ಸಿಡಿದದ್ದು ಸೋಲಿನ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು.

1791ರ ಮೊದಲ ದಂಡಯಾತ್ರೆ

ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಸ್ವತಃ ಸೇನೆಯ ನಾಯಕತ್ವ ವಹಿಸಿದನು. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯೂ ಮಾರ್ಚ್ 21ರ ರಾತ್ರಿ ಕೋಟೆಯೂ ಅವನ ವಶವಾದವು. ಮುಂದಿನ ಗುರಿ ಸುಮಾರು 120 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣವಾಗಿತ್ತು.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ನೇರವಾದ ದಾರಿಯು ಇಂದಿನ ರಾಮನಗರ, ಚನ್ನಪಟ್ಟಣ ಮತ್ತು ಮದ್ದೂರಿನ ಮೂಲಕ ಹೋಗುತ್ತಿತ್ತು. ಟಿಪ್ಪುವು ಈ ದಾರಿಯ ಮೇವನ್ನು ನಾಶಪಡಿಸಿದ್ದನು. ದಾರಿಯ ಬದಿಯ ಗಿರಿದುರ್ಗಗಳೂ ಅವನ ವಶದಲ್ಲಿಯೇ ಇದ್ದವು. ಆದುದರಿಂದ ಮೇ ತಿಂಗಳ ಮೊದಲ ವಾರದಲ್ಲಿ ಹೊರಟ ಕಾರ್ನ್‌ವಾಲಿಸ್ ದಕ್ಷಿಣದ ದಾರಿಯನ್ನು ಹಿಡಿದು, ಆಗ ಕಾನಕಾನಹಳ್ಳಿ ಎಂದು ಕರೆಯಲಾಗುತ್ತಿದ್ದ ಕನಕಪುರದ ಮೂಲಕ ಕಾವೇರಿಯತ್ತ ಸಾಗಿದನು. ಇದು ಬೆಟ್ಟ, ಕಾಡು ಮತ್ತು ಹಳ್ಳಗಳಿಂದ ಕೂಡಿದ ಪ್ರದೇಶ. ಕಬ್ಬಾಳು ಗ್ರಾಮದ ಬಳಿಯ ಕಬ್ಬಾಳದುರ್ಗವು ಇದೇ ಸೀಮೆಯಲ್ಲಿದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಈ ದುರ್ಗವು ಸೆರೆಮನೆಯಾಗಿ ಬಳಕೆಯಾಗುತ್ತಿತ್ತು.

ದಕ್ಷಿಣದ ದಾರಿಯಲ್ಲಿಯೂ ಮೇವು ಉಳಿದಿರಲಿಲ್ಲ. ಟಿಪ್ಪುವಿನ ಕುದುರೆ ದಳಗಳು ಮುಂದೆ ಮುಂದೆ ಸಾಗುತ್ತ ಊರುಗಳನ್ನು ಬರಿದು ಮಾಡಿ ಹುಲ್ಲು ಮತ್ತು ಧಾನ್ಯವನ್ನು ಸುಟ್ಟವು. ಅವಧಿಗೆ ಮುನ್ನವೇ ಮಳೆ ಆರಂಭವಾಯಿತು. ಹಸಿವಿನಿಂದ ಬಳಲಿದ ಎತ್ತುಗಳಲ್ಲಿ ಸಾಂಕ್ರಾಮಿಕ ರೋಗ ಹರಡಿತು. ನೊಗದಲ್ಲಿಯೇ ಕುಸಿಯುವ ಎತ್ತುಗಳ ಸಂಖ್ಯೆ ದಿನದಿಂದ ದಿನಕ್ಕೆ ಹೆಚ್ಚಿತು. ಅನೇಕ ಕಡೆ ಸೈನಿಕರೇ ಹಗ್ಗ ಹಿಡಿದು ಫಿರಂಗಿಗಳನ್ನು ಎಳೆಯಬೇಕಾಯಿತು.

ಮೇ 13ರಂದು ಸೇನೆಯು ಅರಕೆರೆಯನ್ನು ತಲುಪಿತು. ಕಾವೇರಿಯು ತುಂಬಿ ಹರಿಯುತ್ತಿದ್ದುದರಿಂದ ಅಲ್ಲಿ ಹೊಳೆ ದಾಟಲು ಸಾಧ್ಯವಾಗಲಿಲ್ಲ. ಮೇ 15ರ ಕಾಳಗದಲ್ಲಿ ಟಿಪ್ಪುವಿನ ಸೇನೆಯು ಹಿಮ್ಮೆಟ್ಟಿ ಶ್ರೀರಂಗಪಟ್ಟಣದ ಕೋಟೆಯ ರಕ್ಷಣೆಗೆ ಸರಿಯಿತು. ಕಾರ್ನ್‌ವಾಲಿಸ್ ಮಲಬಾರಿನ ಕಡೆಯಿಂದ ಬರುತ್ತಿದ್ದ ಜನರಲ್ ಅಬರ್‌ಕ್ರಾಂಬಿಯ ಸೇನೆಯನ್ನು ಕೂಡಿಕೊಳ್ಳಲು ಹೊಳೆಯ ಮೇಲ್ಭಾಗದ ಕನ್ನಂಬಾಡಿಗೆ ಸರಿದನು. ಆ ವೇಳೆಗೆ ಮುತ್ತಿಗೆಯ ಫಿರಂಗಿಗಳನ್ನು ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಮೇ 22ರಂದು ಭಾರಿ ಫಿರಂಗಿಗಳನ್ನು ಸಿಡಿಸಿ ನಿರುಪಯುಕ್ತಗೊಳಿಸಲಾಯಿತು. ಹೊತ್ತೊಯ್ಯಲಾಗದ ಸಾಮಗ್ರಿಗಳನ್ನೂ ನಾಶಪಡಿಸಲಾಯಿತು. ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರಾಂಬಿಯೂ ತನ್ನ ಭಾರಿ ಫಿರಂಗಿಗಳನ್ನು ಬಿಟ್ಟು ಘಟ್ಟ ಇಳಿಯಬೇಕಾಯಿತು.

ಮೇ 26ರಂದು ಸೇನೆಯು ಬೆಂಗಳೂರಿನತ್ತ ಹಿಂದಿರುಗಲು ಆರಂಭಿಸಿತು. ಹಸಿದಿದ್ದ ಸೇನೆಯು ಮರಾಠರ ದಂಡನ್ನು ಸಂಧಿಸಿದ್ದು ಆ ನಂತರ. ಮರಾಠರ ಪಾಳೆಯದ ಸಂತೆಯಿಂದ ದೊರೆತ ಧಾನ್ಯವು ಸೇನೆಯನ್ನು ಉಳಿಸಿತು. ಫಿರಂಗಿಗಳನ್ನು ನಾಶಪಡಿಸಿದ ಕನ್ನಂಬಾಡಿ ಗ್ರಾಮವು ಮುಂದೆ ಕೃಷ್ಣರಾಜಸಾಗರ ಅಣೆಕಟ್ಟೆಯ ನೀರಿನಲ್ಲಿ ಮುಳುಗಡೆಯಾಯಿತು.

ಸಾಗಣೆಯ ಪುನರ್‌ರಚನೆ

ಮುಂದಿನ ಏಳು ತಿಂಗಳುಗಳಲ್ಲಿ ಕಾರ್ನ್‌ವಾಲಿಸ್ ಕೈಗೊಂಡ ಹೆಚ್ಚಿನ ಕ್ರಮಗಳು ಸಾಗಣೆಗೆ ಸಂಬಂಧಿಸಿದವು. ಮೊದಲನೆಯದಾಗಿ, ಬಂಜಾರರನ್ನು ಸೇನೆಯ ಸರಬರಾಜಿಗೆ ಬಳಸಿಕೊಳ್ಳಲಾಯಿತು. ಕರ್ನಾಟಕದಲ್ಲಿ ಲಂಬಾಣಿಗಳೆಂದು ಪರಿಚಿತರಾದ ಇವರು ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ ಮತ್ತು ಉಪ್ಪನ್ನು ಸಾಗಿಸುವ ವ್ಯಾಪಾರಿಗಳಾಗಿದ್ದರು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಇವರೊಡನೆ ವ್ಯವಹರಿಸಿ ಧಾನ್ಯದ ಹರಿವನ್ನು ಏರ್ಪಡಿಸಿದನು. ಇದರಿಂದ ಸೇನೆಯ ಸ್ವಂತ ಎತ್ತುಗಳು ಫಿರಂಗಿಯ ಕೆಲಸಕ್ಕೆ ಉಳಿದವು.

ಎರಡನೆಯದಾಗಿ, ಪೂರ್ವದ ಬಯಲಿನಿಂದ ಬೆಂಗಳೂರಿಗೆ ಬರುವ ದಾರಿಗಳನ್ನು ಭದ್ರಪಡಿಸಲಾಯಿತು. ಜುಲೈ ತಿಂಗಳಲ್ಲಿ ಹೊಸೂರು ಮತ್ತು ರಾಯಕೋಟೆ ಕಂಪನಿಯ ವಶವಾದವು. ಮೂರನೆಯದಾಗಿ, ಭಾರಿ ಫಿರಂಗಿಗಳ ಸಾಗಣೆಯಲ್ಲಿ ಆನೆಗಳ ಬಳಕೆಯನ್ನು ಹೆಚ್ಚಿಸಲಾಯಿತು. ಈ ಯುದ್ಧದಲ್ಲಿ ಭಾಗವಹಿಸಿದ್ದ ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಆನೆಗಳ ಕೆಲಸವನ್ನು ವರ್ಣಿಸಿದ್ದಾನೆ. ಎತ್ತುಗಳು ಮುಂದಿನಿಂದ ಎಳೆಯುವಾಗ ಆನೆಯು ಹಣೆಯನ್ನು ಕೊಟ್ಟು ಹಿಂದಿನಿಂದ ಫಿರಂಗಿಯನ್ನು ನೂಕುತ್ತಿತ್ತು. ಎತ್ತಿನ ಸಾಲು ತಿರುಗಲಾಗದ ಇಕ್ಕಟ್ಟಿನ ಜಾಗದಲ್ಲಿ ಈ ನೂಕುವಿಕೆಯೇ ಬಂಡಿಯನ್ನು ಮೇಲಕ್ಕೇರಿಸುತ್ತಿತ್ತು. ನಂದಿದುರ್ಗದ ಕಡಿದಾದ ಇಳಿಜಾರಿನಲ್ಲಿ ಹೊಸ ದಾರಿ ಕಡಿದು ಈ ವಿಧಾನದಿಂದ ಫಿರಂಗಿಗಳನ್ನು ಏರಿಸಲಾಯಿತು. 1791ರ ಅಕ್ಟೋಬರ್ 19ರ ಬೆಳಗಿನ ಜಾವಕ್ಕೆ ಆ ದುರ್ಗವು ವಶವಾಯಿತು.

ಸಾವನದುರ್ಗದ ಮುತ್ತಿಗೆ

ಮಾಗಡಿಯ ಬಳಿಯ ಸಾವನದುರ್ಗವು ಏಕಶಿಲೆಯ ಬೃಹತ್ ಬೆಟ್ಟ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದಲ್ಲಿದೆ. ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಶಿಖರಗಳಿವೆ. ಬೆಟ್ಟದ ಸುತ್ತಲೂ ದಟ್ಟವಾದ ಕಾಡು ಇದ್ದು, ಅಲ್ಲಿನ ಜ್ವರವು ಕೋಟೆಯಷ್ಟೇ ಭಯಂಕರವೆಂದು ಹೆಸರಾಗಿತ್ತು. ಈ ದುರ್ಗವು ಟಿಪ್ಪುವಿನ ವಶದಲ್ಲಿ ಇರುವವರೆಗೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವೆ ಸಾಗುವ ಎತ್ತಿನ ಸಾಲುಗಳಿಗೆ ರಕ್ಷಣೆ ಇರಲಿಲ್ಲ. ಮುತ್ತಿಗೆಯ ಕಾರಣವೂ ಇದೇ ಆಗಿತ್ತು.

ಡಿಸೆಂಬರ್ 10ರಂದು ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟ್‌ನ ದಳವು ಬೆಟ್ಟದಿಂದ ಸುಮಾರು ಮೂರು ಮೈಲಿ ದೂರದಲ್ಲಿ ಬೀಡುಬಿಟ್ಟಿತು. ಅಲ್ಲಿಂದ ಗೋಡೆಯ ಎದುರಿಗೆ ಫಿರಂಗಿಗಳನ್ನು ತರಲು ಬಿದಿರಿನ ಮೆಳೆಗಳನ್ನು ಕಡಿದು, ಬಂಡೆಗಳ ನಡುವೆ ದಾರಿ ಮಾಡಿ, ಕಡಿದಾದ ದಿಣ್ಣೆಗಳ ಮೇಲೆ 24 ಪೌಂಡಿನ ಕಬ್ಬಿಣದ ಫಿರಂಗಿಗಳನ್ನು ಎಳೆಯಬೇಕಾಯಿತು. ಈ ಕೆಲಸಕ್ಕೆ ಒಂದು ವಾರ ಹಿಡಿಯಿತು. ಡಿಸೆಂಬರ್ 17ರಂದು ಗುಂಡಿನ ದಾಳಿ ಆರಂಭವಾಯಿತು. ಮೂರು ದಿನಗಳ ಹೊಡೆತಕ್ಕೆ ಗೋಡೆಯಲ್ಲಿ ಬಿರುಕು ಬಿಟ್ಟಿತು. ಡಿಸೆಂಬರ್ 21ರಂದು ನಡೆದ ಲಗ್ಗೆಯು ಒಂದು ಗಂಟೆಯೊಳಗೆ ಮುಗಿಯಿತು. ಲಗ್ಗೆಯಲ್ಲಿ ಕಂಪನಿಯ ಕಡೆಯಲ್ಲಿ ಯಾರೂ ಸಾಯಲಿಲ್ಲ. ಕೋಟೆಯ ಕಾವಲಿನವರಲ್ಲಿ ಸುಮಾರು ನೂರು ಮಂದಿ ಮಡಿದರು.

ಸಾವನದುರ್ಗದ ರಕ್ಷಣೆಯು ಭಾರಿ ಫಿರಂಗಿಗಳು ಅಲ್ಲಿಗೆ ತಲುಪಲಾರವು ಎಂಬ ನಂಬಿಕೆಯ ಮೇಲೆ ನಿಂತಿತ್ತು. ಅವು ತಲುಪಿದ ನಂತರ ಗೋಡೆಗಳು ಹೆಚ್ಚು ಕಾಲ ನಿಲ್ಲಲಿಲ್ಲ. ಇದರ ಪರಿಣಾಮ ಕೂಡಲೇ ಕಂಡುಬಂದಿತು. ರಾಮನಗರದ ಬಳಿಯ ರಾಮಗಿರಿಯು ಕೆಲವೇ ದಿನಗಳಲ್ಲಿ ಶರಣಾಯಿತು. ಕುಣಿಗಲ್ ಬಳಿಯ ಹುತ್ರಿದುರ್ಗವು ಡಿಸೆಂಬರ್ 24ರಂದು ವಶವಾಯಿತು. ಶ್ರೀರಂಗಪಟ್ಟಣದ ದಾರಿ ತೆರೆಯಿತು. 1792ರ ಜನವರಿ ತಿಂಗಳ ಕೊನೆಯಲ್ಲಿ ಹೊರಟ ಸೇನೆಯು ಫೆಬ್ರವರಿ 5ರಂದು ಶ್ರೀರಂಗಪಟ್ಟಣದ ಮುಂದೆ ನಿಂತಿತು. ಫೆಬ್ರವರಿ 6ರ ರಾತ್ರಿ ದಾಳಿ ನಡೆಯಿತು. ಮಾರ್ಚ್ ತಿಂಗಳಲ್ಲಿ ಅಂತಿಮಗೊಂಡ ಒಪ್ಪಂದದಂತೆ ಟಿಪ್ಪುವು ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು 3 ಕೋಟಿ 30 ಲಕ್ಷ ರೂಪಾಯಿ ನೀಡಲು ಒಪ್ಪಿದನು.

1799ರ ದಂಡಯಾತ್ರೆ

ನಾಲ್ಕನೆಯ ಮೈಸೂರು ಯುದ್ಧದಲ್ಲಿಯೂ ಇದೇ ಪ್ರಶ್ನೆ ಮುಂದೆ ಬಂದಿತು. ಚನ್ನಪಟ್ಟಣದ ದಾರಿಯಲ್ಲಿ ಮೇವು ನಾಶವಾಗಿದ್ದುದರಿಂದ ಜನರಲ್ ಹ್ಯಾರಿಸ್ ಕೂಡ ಕನಕಪುರದ ದಾರಿಯನ್ನೇ ಆರಿಸಿಕೊಂಡನು. ಸೇನೆಯು ಭಾರಿ ಫಿರಂಗಿಗಳ ಜೊತೆಗೆ ಅಪಾರವಾದ ಹೇರೆತ್ತುಗಳನ್ನು ಹೊಂದಿದ್ದರಿಂದ ದಿನಕ್ಕೆ ಕೆಲವೇ ಮೈಲಿ ಸಾಗುತ್ತಿತ್ತು. ಆರಂಭದ ದಿನಗಳಲ್ಲಿಯೇ ಎತ್ತುಗಳು ಸಾಯತೊಡಗಿದವು. ಗುಂಡು ಮತ್ತು ಇತರ ಸಾಮಗ್ರಿಗಳ ಒಂದು ಭಾಗವನ್ನು ದಾರಿಯಲ್ಲಿ ಬಿಡಬೇಕಾಯಿತು.

ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗ ನಡೆದು ಟಿಪ್ಪುವಿನ ಸೇನೆಯು ಹಿಮ್ಮೆಟ್ಟಿತು. ಹ್ಯಾರಿಸ್ ಕಾರ್ನ್‌ವಾಲಿಸ್ ಹಿಡಿದಿದ್ದ ದಾರಿಯನ್ನು ಮುಂದುವರಿಸದೆ ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಹೊಳೆಯ ದಕ್ಷಿಣ ದಡದಲ್ಲಿ ಮೇವು ನಾಶವಾಗದೆ ಉಳಿದಿತ್ತು. ಮುತ್ತಿಗೆಯ ಫಿರಂಗಿಗಳು ಈ ಬಾರಿ ಶ್ರೀರಂಗಪಟ್ಟಣವನ್ನು ತಲುಪಿದವು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು.

ಜನಜೀವನದ ಮೇಲೆ ಪರಿಣಾಮ

ಮೇವೇ ಸಾಗಣೆಯ ಇಂಧನವಾಗಿದ್ದುದರಿಂದ ಅದನ್ನು ಸುಡುವುದು ರಕ್ಷಣೆಯ ವಿಧಾನವಾಗಿತ್ತು. ಇದರ ಭಾರವನ್ನು ದಾರಿಯ ಬದಿಯ ರೈತರು ಹೊರಬೇಕಾಯಿತು. ಶ್ರೀರಂಗಪಟ್ಟಣಕ್ಕೆ ಹೋಗುವ ಶತ್ರುಸೇನೆಗೆ ಉಪಯೋಗವಾಗಬಾರದೆಂದು ಟಿಪ್ಪುವಿನ ಆಜ್ಞೆಯಂತೆ ಕನಕಪುರವನ್ನು ಎರಡು ಬಾರಿ ನಾಶಪಡಿಸಲಾಯಿತು ಎಂದು ಗೆಜೆಟಿಯರ್ ದಾಖಲಿಸಿದೆ. ಬಣವೆ ಸುಟ್ಟರೆ ಸೇನೆಯ ಎತ್ತಿನ ಜೊತೆಗೆ ಊರಿನ ಎತ್ತೂ ಹಸಿಯುತ್ತಿತ್ತು. ಎತ್ತು ಸತ್ತರೆ ಮುಂದಿನ ಮಳೆಗೆ ಉಳುಮೆ ನಿಲ್ಲುತ್ತಿತ್ತು. ಸುಡದೆ ಉಳಿದ ಮೇವು ಮತ್ತು ದನಗಳನ್ನು ಬರುವ ಸೇನೆಯು ಒಯ್ಯುತ್ತಿತ್ತು. ಹೀಗೆ ಈ ಸೀಮೆಯ ಹಳ್ಳಿಗಳು ಎಂಟು ವರ್ಷಗಳ ಅವಧಿಯಲ್ಲಿ ಎರಡು ಕಡೆಯವರಿಂದಲೂ ನಷ್ಟ ಅನುಭವಿಸಿದವು.

ಅಮೃತಮಹಲ್‌ನ ನಂತರದ ಇತಿಹಾಸ

1799ರ ನಂತರ ಅಮೃತಮಹಲ್ ಹಿಂಡುಗಳು ಕಂಪನಿಯ ಸೇನೆಯ ಉಪಯೋಗಕ್ಕೆ ಬಂದವು. ಶ್ರೀರಂಗಪಟ್ಟಣದಲ್ಲಿ ಅಧಿಕಾರದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಮುಂದಿನ ವರ್ಷಗಳ ದಂಡಯಾತ್ರೆಗಳಲ್ಲಿ ಮೈಸೂರಿನ ಎತ್ತುಗಳನ್ನು ಬಳಸಿದನು. ವೆಲ್ಲಿಂಗ್ಟನ್ ಡ್ಯೂಕ್ ಎಂಬ ಬಿರುದಿನಿಂದ ಪ್ರಸಿದ್ಧನಾದ ಅವನು ಮುಂದೆ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ನೆಪೋಲಿಯನ್ನನ ಸೇನೆಗಳ ವಿರುದ್ಧ ಹೋರಾಡುವಾಗ ಈ ಎತ್ತುಗಳು ಅಲ್ಲಿ ಇಲ್ಲದಿರುವುದಕ್ಕೆ ವಿಷಾದಪಟ್ಟನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ.

ಆರಂಭದ ವರ್ಷಗಳಲ್ಲಿ ಪಾಲನೆಯ ಕೊರತೆಯಿಂದ ಹಿಂಡುಗಳು ಕ್ಷೀಣಿಸಿದವು. 1813ರಲ್ಲಿ ಸೇನೆಯ ಸರಬರಾಜು ವಿಭಾಗದ ಕ್ಯಾಪ್ಟನ್ ಹಾರ್ವೆಯನ್ನು ಅವುಗಳ ಮೇಲ್ವಿಚಾರಣೆಗೆ ನೇಮಿಸಲಾಯಿತು. ಟಿಪ್ಪುವಿನ ಹುಕುಂನಾಮೆಯ ನಿಯಮಗಳನ್ನು ಇಂಗ್ಲಿಷ್ ಅಧಿಕಾರಿಗಳೂ ಅನುಸರಿಸಿದರು. 1817-18ರಲ್ಲಿ ಪೇಶ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಸ್‌ಲರ್ ಈ ಎತ್ತುಗಳ ನೆರವಿನಿಂದ 25 ದಿನಗಳಲ್ಲಿ 346 ಮೈಲಿ, ಅಂದರೆ ಸುಮಾರು 557 ಕಿಲೋಮೀಟರ್ ಸಾಗಿದನು. 1842ರ ಅಫ್ಘಾನಿಸ್ತಾನದ ಯುದ್ಧದಲ್ಲಿಯೂ ಮೈಸೂರಿನ ಎತ್ತುಗಳು ಸೇವೆ ಸಲ್ಲಿಸಿದವು.

1860ರಲ್ಲಿ ಮದರಾಸು ಸರ್ಕಾರವು ಮಿತವ್ಯಯದ ಕಾರಣದಿಂದ ಹಿಂಡುಗಳನ್ನು ಮಾರಾಟ ಮಾಡಿತು. ಉತ್ತಮ ದನಗಳ ಒಂದು ಭಾಗವನ್ನು ಈಜಿಪ್ಟಿನ ಪಾಷಾ ಕೊಂಡನು. ಸೇನೆಗೆ ಬೇಕಾದ ಎತ್ತುಗಳು ದೊರೆಯದೆ ಹೋದಾಗ 1866ರಲ್ಲಿ ಇಲಾಖೆಯನ್ನು ಮತ್ತೆ ಆರಂಭಿಸಲಾಯಿತು. 1882ರಲ್ಲಿ ಮೈಸೂರು ಸಂಸ್ಥಾನವು ಹಿಂಡುಗಳನ್ನು ಮರಳಿ ಪಡೆಯಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ.

ಹಿಂದೆ ಲಕ್ಷಾಂತರ ಎಕರೆಗಳಷ್ಟಿದ್ದ ಕಾವಲು ಭೂಮಿಯು ಒತ್ತುವರಿ ಮತ್ತು ಇತರ ಉದ್ದೇಶಗಳಿಗೆ ಹಂಚಿಕೆಯಿಂದ ಬಹಳ ಕಡಿಮೆಯಾಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಒಂದು ಭಾಗವನ್ನು ರಕ್ಷಣಾ ಸಂಶೋಧನೆ ಮತ್ತು ಇತರ ವೈಜ್ಞಾನಿಕ ಸಂಸ್ಥೆಗಳಿಗೆ ನೀಡಲಾಗಿದ್ದು, 2017ರಲ್ಲಿ ಅಲ್ಲಿ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುವ ಕೇಂದ್ರವು ಉದ್ಘಾಟನೆಗೊಂಡಿತು. ಮೇವಿನ ಭೂಮಿಯನ್ನು ಕಳೆದುಕೊಂಡ ಸುತ್ತಲಿನ ಪಶುಪಾಲಕರು ಇದನ್ನು ವಿರೋಧಿಸಿ ನ್ಯಾಯಾಲಯದ ಮೊರೆಹೋಗಿದ್ದರು.

ಎಂಜಿನ್ ಚಾಲಿತ ಫಿರಂಗಿ ವಾಹನಗಳು

ಎಳೆಯುವ ಪ್ರಾಣಿಯನ್ನು ತೆಗೆದು ಫಿರಂಗಿಯನ್ನೇ ಎಂಜಿನ್ ಇರುವ ವಾಹನದ ಮೇಲೆ ಕೂರಿಸುವ ಪ್ರಯತ್ನವು ಮೊದಲನೆಯ ಮಹಾಯುದ್ಧದಲ್ಲಿ ರೂಪ ಪಡೆಯಿತು. ಬ್ರಿಟನ್ನಿನ ಗನ್ ಕ್ಯಾರಿಯರ್ ಮಾರ್ಕ್ 1 ಎಂಬ ವಾಹನವು 1917ರಲ್ಲಿ ಬಳಕೆಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಗಳು 25 ಪೌಂಡಿನ ಫಿರಂಗಿಯನ್ನು ಹೊತ್ತ ಬಿಷಪ್ ಮತ್ತು ಸೆಕ್ಸ್‌ಟನ್ ಎಂಬ ಸ್ವಯಂಚಾಲಿತ ವಾಹನಗಳನ್ನು ಬಳಸಿದವು. ಸ್ವಾತಂತ್ರ್ಯದ ನಂತರ ಭಾರತೀಯ ಸೇನೆಯೂ ಸೆಕ್ಸ್‌ಟನ್ ವಾಹನಗಳನ್ನು ಬಳಸಿತು. ಆ ಬಳಿಕ ಅಬಾಟ್ ವಾಹನಗಳೂ, ವಿಜಯಂತ ಟ್ಯಾಂಕಿನ ಚೌಕಟ್ಟಿನ ಮೇಲೆ 130 ಮಿಲಿಮೀಟರ್ ಫಿರಂಗಿಯನ್ನು ಅಳವಡಿಸಿದ ಕ್ಯಾಟಪಲ್ಟ್ ವಾಹನಗಳೂ ಸೇವೆಯಲ್ಲಿದ್ದವು. 2018ರಲ್ಲಿ 155 ಮಿಲಿಮೀಟರ್ ಫಿರಂಗಿಯ ಕೆ9 ವಜ್ರ ಸೇನೆಗೆ ಸೇರ್ಪಡೆಯಾಯಿತು. ಇದರ ತೂಕ ಸುಮಾರು 47 ಟನ್ ಮತ್ತು ಎಂಜಿನ್ನಿನ ಸಾಮರ್ಥ್ಯ 1,000 ಅಶ್ವಶಕ್ತಿ.

ಈ ವಾಹನಗಳಿಗೆ ಹುಲ್ಲಿನ ಬದಲು ಡೀಸೆಲ್ ಬೇಕು. ಎಣ್ಣೆಯ ಟ್ಯಾಂಕರ್, ಗುಂಡಿನ ಲಾರಿ ಮತ್ತು ದುರಸ್ತಿಯ ವಾಹನಗಳು ಇವುಗಳ ಹಿಂದೆ ಸಾಗಬೇಕಾಗುತ್ತದೆ. 1791ರಲ್ಲಿ ಕನಕಪುರದ ದಾರಿಯಲ್ಲಿ ಹೇರೆತ್ತುಗಳ ಸಾಲು ಮಾಡುತ್ತಿದ್ದ ಕೆಲಸವನ್ನು ಇಂದು ಈ ವಾಹನಗಳು ಮಾಡುತ್ತವೆ.